ರಾಜನ ಒಂದು ಜಿಗಿತ

ಚದುರಂಗದಲ್ಲಿ ನಾನು ಗೆದ್ದ ಪಂದ್ಯ ಒಂದೇ. ಅದನ್ನು ಇದುವರೆಗೆ ಯಾರಿಗೂ ಹೇಳಿಕೊಂಡಿಲ್ಲ.

ಆಟ ಕಲಿಸಿದವರು ಹಾನಗಲ್ಲಿನ ದರ್ಜಿ ದಾವಲಸಾಬ ಕಾಕಾ. ನಮ್ಮ ಕಡೆಯ ಆಟದಲ್ಲಿ ಪ್ಯಾದೆ, ಅಂದರೆ ಕಾಲಾಳು, ಮೊದಲ ಸಲವೂ ಒಂದೇ ಮನೆ ಮುಂದೆ ಹೋಗುತ್ತದೆ. ಹೀಗಾಗಿ ಆರಂಭವೆಂದರೆ ಬೀಗರನ್ನು ಮಾತಾಡಿಸಿದ ಹಾಗೆ: ಮಳೆ, ದನ, ಮನೆಮಂದಿಯ ಆರೋಗ್ಯ ಎಲ್ಲ ಮುಗಿದ ಮೇಲೆಯೇ ಬಂದ ಕೆಲಸ. ರಾಜನಿಗೂ ಒಂದು ಸವಲತ್ತುಂಟು. ಎದುರಾಳಿಯ ಶಹ ಬೀಳುವ ಮೊದಲು ಒಮ್ಮೆ ಕುದುರೆಯಂತೆ ಜಿಗಿಯಬಹುದು. ಧಾರವಾಡದಲ್ಲಿ ಪದವಿ ಪಡೆದ ನಾನು ವಿಲಾಯತಿ ಕಾಯ್ದೆಯ ಪುಸ್ತಕ ಹಿಡಿದು ಊರಿಗೆ ಬಂದೆ. ಅದರಲ್ಲಿ ಪ್ಯಾದೆ ಮೊದಲ ಸಲ ಎರಡು ಮನೆ ಹಾರಬಹುದು, ರಾಜ ಕುದುರೆಯಂತೆ ಜಿಗಿಯುವುದಿಲ್ಲ.

ಸವಣೂರು ಇನ್ನೂ ನವಾಬರ ಸಂಸ್ಥಾನವಾಗಿದ್ದ ಕಾಲ. ಅಲ್ಲಿ ಆ ಪುಸ್ತಕದ ಪ್ರಕಾರ ಪಂದ್ಯ ಏರ್ಪಟ್ಟಿತು. ಅದು ಕಾಕಾ ಹುಟ್ಟಿದ ಊರು. “ಕತ್ರಿ ಹಿಡದು ಊರು ಬಿಟ್ಟಂವ ಅಂತ ಅಣ್ಣಗೋಳು ನಗ್ತಾರ. ಅವರ ಕಣ್ಣ ಮುಂದ ಒಮ್ಮೆ ಗೆಲ್ಲಬೇಕಲೇ” ಎಂದಿದ್ದರು.

ಕಾಯ್ದೆ ಓದಿ ಹೇಳುವ ಕೆಲಸವನ್ನು ತೀರ್ಪು ಹೇಳುವ ಪಂಚರು ನನಗೇ ವಹಿಸಿದರು. ರಾಜ ಜಿಗಿಯುವಂತಿಲ್ಲ ಎಂಬ ಸಾಲನ್ನು ಓದಿದೆನೇ? ಓದಿದೆ ಎನ್ನುತ್ತದೆ ನೆನಪು. ಆದರೆ ನನ್ನ ನೆನಪು ನನ್ನದೇ ವಕೀಲ. ಅದರ ಸಾಕ್ಷಿಯನ್ನು ಎಷ್ಟು ನಂಬಲಿ? ಆ ದಿನದ ದಿನಚರಿಯಲ್ಲಿ ಸವಣೂರಿನ ವೀಳ್ಯದೆಲೆಯ ರುಚಿಯಷ್ಟೇ ಇದೆ.

ಕೊನೆಯ ಸುತ್ತಿನಲ್ಲಿ ನಾವಿಬ್ಬರೇ ಎದುರಾದೆವು. ನನ್ನ ಪ್ಯಾದೆ ಎರಡು ಮನೆ ಹಾರಿತು.

“ಏನಲೇ, ಬಸ್ಸು ತಪ್ಪತೈತೇನು?” ಎಂದು ಕಾಕಾ ತಮ್ಮದನ್ನು ಒಂದೇ ಮನೆ ಸರಿಸಿದರು. ಹಿಂದೆ ನಿಂತ ಅಣ್ಣಂದಿರು ನಕ್ಕರು. ಹತ್ತನೆಯ ನಡೆಯ ಹೊತ್ತಿಗೆ ನನ್ನ ದಾಳಿ ಹತ್ತಿರ ಬಂದಿತ್ತು. ಕಾಕಾ ನಿರಾಳವಾಗಿ ರಾಜನನ್ನೆತ್ತಿ ಕುದುರೆಯಂತೆ ಜಿಗಿಸಿದರು.

“ಆ ನಡಿ ಇಲ್ಲಿ ಇಲ್ರಿ ಕಾಕಾ.”

“ಇಲ್ಲ? ನಿನಗ ಅದನ್ನ ಕಲಿಸಿದಂವ ನಾನಲೇ!”

ಪಂಚರು ಪುಸ್ತಕ ತೆರೆದರು. ಮುಟ್ಟಿದ ಕಾಯಿಯನ್ನೇ ನಡೆಸಬೇಕೆಂದೂ ಅದರಲ್ಲಿತ್ತು. ರಾಜನ ಸುತ್ತ ಅವನದೇ ಕಾಯಿಗಳು; ಖಾಲಿ ಇದ್ದದ್ದು ಎದುರಿನ ಒಂದು ಮನೆ. ಅಲ್ಲಿಗೆ ಬಂದವನು ಮೂರು ನಡೆಯಲ್ಲಿ ಸತ್ತ. “ಅಂಗಿ ಚಲೋ ಹೊಲೀತಾನ ಬಿಡ್ರಿ” ಎಂದ ಒಬ್ಬ ಅಣ್ಣ. ಮುಟ್ಟಿದ ಕಾಯಿಯ ಕಾಯ್ದೆ ಬಿಟ್ಟುಕೊಟ್ಟು ಕಾಕಾನಿಗೆ ಬೇರೆ ಕಾಯಿ ನಡೆಸಲು ಬಿಡಬಹುದಿತ್ತು ಎಂಬುದು ನನಗೆ ಆಗ ಹೊಳೆಯಲಿಲ್ಲ. ಅಥವಾ ಹೊಳೆದಿತ್ತು.

ಮುಂದಿನ ವಾರ ಹಾನಗಲ್ಲಿನ ಅಂಗಡಿಯಲ್ಲಿ ಅವರು ಎಂದಿನಂತೆ ಚದುರಂಗದ ಪಟ ಹಾಸಿದರು. ನಾನು ಸೋಲಬೇಕೆಂದೇ ನನ್ನ ದೊಡ್ಡ ಕಾಯಿ ವಜೀರನನ್ನು ಅವರ ಆನೆಯ ದಾರಿಗೆ ತಂದಿಟ್ಟೆ. ಅವರು ಹೊಡೆಯಲಿಲ್ಲ. ಪಟ ಮಡಚಿದರು.

“ಅಲ್ಲಿ ಕಾಯ್ದೆ ತೋರಿಸಿದಿ, ಇಲ್ಲಿ ದಯಾ ತೋರಸಾಕತ್ತಿ. ಆಟ ಯಾವಾಗ ಆಡ್ತೀಯಪಾ?”

ಉತ್ತರಕ್ಕೆ ಕಾಯದೆ ಅವರು ಅಂಗಿಯ ಗುಂಡಿಗೆ ಕಾಜಾ ಹೊಲಿಯತೊಡಗಿದರು. ಆ ಪ್ರಶ್ನೆಯನ್ನು ಯೋಚಿಸಲು ಈ ಮುಪ್ಪಿನಲ್ಲಿ ನನಗೆ ಬೇಕಾದಷ್ಟು ಹೊತ್ತಿದೆ, ನಡೆಯೇ ಉಳಿದಿಲ್ಲ.