ಚಿಕ್ಕಬೋರಮ್ಮನ ತೋರುಬೆರಳು

ನಮ್ಮ ಬೀದಿಯ ಚಿಕ್ಕಬೋರಮ್ಮನ ಬಲಗೈ ತೋರುಬೆರಳಿಗಾಗಿ ನಾನು ಆಡಿದಷ್ಟು ಜಗಳವನ್ನು ನನ್ನ ಗಂಡನ ಜೊತೆಗೂ ಆಡಿಲ್ಲ. ನಾನು ಸುಧ, ಊರಿನ ಆಶಾ ಕಾರ್ಯಕರ್ತೆ. ಬಸುರಿ ಬಾಣಂತಿಯರನ್ನು ವಿಚಾರಿಸುವುದು, ಮಕ್ಕಳಿಗೆ ಚುಚ್ಚುಮದ್ದು ಹಾಕಿಸುವುದು ನನ್ನ ಕೆಲಸ. ಒಬ್ಬ ಹೆಂಗಸಿನ ಒಂದು ಬೆರಳನ್ನು ತಿಂಗಳಿಡೀ ಕಾಯುವುದು ಅದರಲ್ಲಿ ಸೇರಿಲ್ಲ. ಆದರೂ ಕಾದೆ, ಬೈದುಕೊಂಡೇ ಕಾದೆ.

ಕ್ಯಾತನಹಳ್ಳಿಗೆ ಎರಡು ಮೈಲಿ ಈಚೆಗೆ ನಮ್ಮೂರು. ಚಿಕ್ಕಬೋರಮ್ಮನಿಗೆ ಐವತ್ತೆರಡು. ಗಿಡ್ಡಗೆ, ಗಟ್ಟಿಮುಟ್ಟಾಗಿದ್ದಾಳೆ, ನಡೆದರೆ ಹಿಂದೆ ಬರುವವರು ಓಡಬೇಕು. ಸಂಬಂಧದಲ್ಲಿ ನನಗೆ ದೊಡ್ಡವ್ವ. ಮನೆಯಲ್ಲಿ ಅವಳು, ಗಂಡ ಚಿಕ್ಕಮಾದಯ್ಯ, ಎರಡು ಸೀಮೆಹಸು. ಒಬ್ಬಳೇ ಮಗಳು ಪ್ರಿಯಾಂಕಳನ್ನು ನಾಗಮಂಗಲಕ್ಕೆ ಕೊಟ್ಟಿದ್ದಾರೆ.

ಹಸುಗಳಲ್ಲಿ ದೊಡ್ಡದರ ಹೆಸರು ಗಂಗೆ. ಹೊತ್ತಿಗೆ ಎಂಟು ಲೀಟರ್ ಕೊಡುತ್ತದೆ, ಆದರೆ ಚಿಕ್ಕಬೋರಮ್ಮನ ಕೈಗೆ ಮಾತ್ರ. ಬೇರೆ ಯಾರು ಕೆಚ್ಚಲು ಮುಟ್ಟಿದರೂ ಹಾಲು ಮೇಲಕ್ಕೆ ಎಳೆದುಕೊಳ್ಳುತ್ತದೆ, ಇಲ್ಲವೇ ಒದೆಯುತ್ತದೆ. ಚಿಕ್ಕಮಾದಯ್ಯ ದೊಡ್ಡಪ್ಪ ಒಂದು ಸಲ ಗಂಡಸುತನ ತೋರಿಸಲು ಹೋಗಿ ತೊಡೆಗೆ ಒದೆಸಿಕೊಂಡು ವಾರ ಕುಂಟಿದ. ಆಮೇಲೆ ಆ ಕಡೆ ತಲೆ ಹಾಕಲಿಲ್ಲ. ಹಾಲು ಕರೆಯುವ ಮಿಷನ್ನು ತಂದು ನೋಡಿದರು, ಅದರ ಸದ್ದಿಗೆ ಹಗ್ಗ ಕಿತ್ತುಕೊಂಡು ಓಡಿತು. ಇನ್ನೊಂದು ಹಸು ಇದರದೇ ಮಗಳು. ನೂಲಿನಂತೆ ಸೀರೆ, ತಾಯಿಯಂತೆ ಮಗಳು. ಒಂದು ಬತ್ತಿದಾಗ ಇನ್ನೊಂದು ಕರು ಹಾಕಿರುತ್ತದೆ. ಹಾಗಾಗಿ ವರ್ಷದ ಎಲ್ಲ ದಿನವೂ ಬೆಳಗ್ಗೆ ಆರಕ್ಕೆ, ಸಂಜೆ ಐದೂವರೆಗೆ ಚಿಕ್ಕಬೋರಮ್ಮ ಕೊಟ್ಟಿಗೆಯಲ್ಲಿ ಇರಲೇಬೇಕು. ಮಗಳ ಮನೆಗೆ ಹೋದರೆ ಎಲೆಗೆ ಬಡಿಸುವ ಮೊದಲೇ ವಾಪಸ್ ಬಸ್ಸಿನ ಹೊತ್ತು ಕೇಳುತ್ತಾಳೆ, ಅಲ್ಲಿ ಒಂದು ರಾತ್ರಿಯೂ ಉಳಿದವಳಲ್ಲ. ಬೀಗರು ಇದನ್ನು ಗರ್ವ ಅಂದುಕೊಂಡಿದ್ದಾರೆ.

ಹೋದ ಕಾರ್ತಿಕದಲ್ಲಿ ಪಕ್ಕದ ಗದ್ದೆಯ ಕಬ್ಬು ಕಡಿಯುತ್ತಿದ್ದರು. ಹಸುಗಳಿಗೆ ಸೋಗೆ ತರಲು ಹೋದವಳಿಗೆ ಗರಿಯ ಅಂಚು ತಾಗಿ ಬೆರಳಿನ ನಡುಗೆಣ್ಣಿನ ಹತ್ತಿರ ಗೀರಿತು. ಕೂದಲೆಳೆಯಷ್ಟು ಗಾಯ. ಸೆರಗಿಗೆ ಒರೆಸಿಕೊಂಡು ಹೊರೆ ಹೊತ್ತು ಬಂದಳು. ನಾಲ್ಕನೆಯ ದಿನ ಡೈರಿಯಲ್ಲಿ ಹಾಲಿನ ಕ್ಯಾನನ್ನು ಎಡಗೈಯಲ್ಲಿ ಹಿಡಿದು ಬಂದಾಗಲೇ ನನಗೆ ಅನುಮಾನ. ಬಲಗೈ ಎಳೆದು ನೋಡಿದರೆ ಬೆರಳು ಊದಿ, ಗಾಯದ ಮೇಲೆ ಹಳದಿ ಕೀವು ಹೆಪ್ಪುಗಟ್ಟಿತ್ತು.

ಹಾಲು ಹಾಕಿದ ಮೇಲೆ ಆಟೋ ಹತ್ತಿಸಿ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋದೆ. ಡಾಕ್ಟರಮ್ಮ ಗಾಯ ತೊಳೆದು, ಕೀವು ಒರೆಸಿ, ಒಂದು ಸಣ್ಣ ಟ್ಯೂಬು ಮುಲಾಮು ಕೊಟ್ಟರು. ಮೊದಲು ಸೋಪಿನಲ್ಲಿ ಕೈ ತೊಳೆಯಬೇಕು, ಗಾಯ ತೊಳೆದು ಒಣಗಿಸಬೇಕು, ಆಮೇಲೆ ಹೆಸರುಕಾಳಿನಷ್ಟು ಮುಲಾಮನ್ನು ತೆಳ್ಳಗೆ ಸವರಿ ಬಟ್ಟೆ ಕಟ್ಟಬೇಕು. ದಿನಕ್ಕೆ ಮೂರು ಸಲ, ಐದು ದಿನ. ನಡುವೆ ಒಣಗಿದ ಹಾಗೆ ಕಂಡರೂ ಬಿಡಬಾರದು. ಎರಡು ದಿನದಲ್ಲಿ ಊತ ಇಳಿಯದಿದ್ದರೆ ಮತ್ತೆ ಬರಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಕಟ್ಟು ಒದ್ದೆ ಮಾಡಬಾರದು.

ಹೊರಗೆ ಬಂದದ್ದೇ ಚಿಕ್ಕಬೋರಮ್ಮ ಕೇಳಿದಳು, "ಒದ್ದೆ ಮಾಡ್ಬ್ಯಾಡಿ ಅಂತಾರಲ್ಲ, ಹಾಲ್ ಕರ್ಯಾಕೆ ಅವ್ರ್ ಬತ್ತಾರಾ?"

"ಅದೆಂಗಾರಾ ಮಾಡವಾ ಬುಡಿ ದೊಡ್ಡವ್ವ," ಅಂದೆ. ಹೇಗೆ ಅಂತ ನನಗೂ ಗೊತ್ತಿರಲಿಲ್ಲ.

ಅವತ್ತು ಸಂಜೆ ರಬ್ಬರು ಗ್ಲೌಸು ತೆಗೆದುಕೊಂಡು ಹೋಗಿ ಕೊಟ್ಟೆ. ಗಂಗೆ ಅದನ್ನು ಮೂಸಿ ಹಿಂದಕ್ಕೆ ಸರಿಯಿತು. ಮುಟ್ಟಿದಾಗ ಮೈ ಅದುರಿಸಿತು. ಅರ್ಧ ಗಂಟೆ ಕೂತರೂ ಒಂದು ತೊಟ್ಟು ಇಳಿಸಲಿಲ್ಲ. ಚಿಕ್ಕಬೋರಮ್ಮ ನನ್ನ ಮುಖ ನೋಡಿದಳು, ಗ್ಲೌಸು ಬಿಚ್ಚಿ ಎಸೆದಳು, ಕಟ್ಟನ್ನೂ ಬಿಚ್ಚಿದಳು. ನೀರಿನಲ್ಲಿ ಕೆಚ್ಚಲು ತೊಳೆದು, ಮೊಲೆಗೆ ಬೆಣ್ಣೆ ಸವರಿ, ಹಲ್ಲು ಕಚ್ಚಿ ಕರೆಯತೊಡಗಿದಳು. ಒಂದೊಂದು ಸಲ ಮುಷ್ಟಿ ಬಿಗಿದಾಗಲೂ ಗಾಯ ಬಾಯಿ ಬಿಡುತ್ತಿತ್ತು. ಕರೆದಾದ ಮೇಲೆ ಅದೇ ಒದ್ದೆ ಬೆರಳಿಗೆ ಅದೇ ಬಟ್ಟೆ ಸುತ್ತಿದಳು. ಹೊಸ ಬಟ್ಟೆ ಕಟ್ಟಿ ಅಂತ ನಾನು ರೇಗಿದೆ. ಡಾಕ್ಟರಮ್ಮ ಹೇಳಿದ ಮಾತುಗಳಲ್ಲಿ ತಪ್ಪಿರಲಿಲ್ಲ. ಆದರೆ ಹಾಲು ಕರೆಯುವವಳಿಗೆ ಅವುಗಳಲ್ಲಿ ಒಂದನ್ನೂ ಉಳಿಸಿಕೊಳ್ಳುವ ದಾರಿ ಇರಲಿಲ್ಲ.

ಆಮೇಲೆ ಎರಡು ದಿನ ನಾನು ಪೋಲಿಯೊ ಹನಿಯ ಕೆಲಸದಲ್ಲಿ ಊರೂರು ಸುತ್ತಿದೆ. ಮೂರನೆಯ ದಿನ ಮಧ್ಯಾಹ್ನ ಮೂರು ಗಂಟೆಗೆ ಹೋದರೆ ಅವಳು ಜಗಲಿಯ ಕಂಬಕ್ಕೆ ಒರಗಿ ಕೂತಿದ್ದಳು. ಮುಖ ಕೆಂಪಗಿತ್ತು. ಮುಲಾಮು ಎಲ್ಲಿ ಅಂದರೆ ಖಾಲಿ ಟ್ಯೂಬು ತೋರಿಸಿದಳು. ಐದು ದಿನ ಬರಬೇಕಾದದ್ದು ಒಂದೂವರೆ ದಿನಕ್ಕೆ ಮುಗಿದಿತ್ತು. ಹೆಚ್ಚು ಹಚ್ಚಿದರೆ ಬೇಗ ವಾಸಿಯಾಗುತ್ತದೆ ಅಂತ ಮುದ್ದೆಗೆ ತುಪ್ಪ ಸುರಿದ ಹಾಗೆ ಸುರಿದುಕೊಂಡಿದ್ದಳು. ಉಳಿದದ್ದನ್ನು ದೊಡ್ಡಪ್ಪ ತನ್ನ ಹಿಮ್ಮಡಿಯ ಒಡಕಿಗೆ ತಿಕ್ಕಿಕೊಂಡಿದ್ದ.

"ಮತ್ತೆ ಈ ಬಟ್ಟೆ ಒಳಗೇನದೆ?" ಅಂದೆ. ಕಟ್ಟಿನಂಚಿನಲ್ಲಿ ಬೇರೆ ಬಣ್ಣದ ಜಿಡ್ಡು ಕಾಣುತ್ತಿತ್ತು.

ಅವಳು ಗೋಡೆಯ ಗೂಡಿನ ಕಡೆ ಕೈ ತೋರಿಸಿದಳು. ಆಷಾಢದಲ್ಲಿ ಗಂಗೆಗೆ ಕೆಚ್ಚಲು ಬಾವು ಬಂದಾಗ ದನದ ಡಾಕ್ಟರು ಕೊಟ್ಟಿದ್ದ ಟ್ಯೂಬು. ಮೊಲೆಯ ತೂತಿನೊಳಗೆ ಮದ್ದು ಬಿಡುವ ಉದ್ದ ಮೂತಿಯದು. ಒಂದು ಉಳಿದಿತ್ತು.

"ಅಂತಾ ಮೆತ್ತನ್ ಕೆಚ್ಚಲ್ಗೇ ಆಯ್ತದಂತೆ, ನನ್ನೀ ಮರದಂತ ಬೆರಳ್ಗೆ ಆಗಾಕಿಲ್ವಾ?"

ನನಗೆ ಸಿಟ್ಟು ನೆತ್ತಿಗೇರಿತು. ಯಾಕೆಂದರೆ ಆ ಟ್ಯೂಬನ್ನು ಹಸುವಿಗೆ ಹಾಕುವಾಗ ಇವಳು ಎಷ್ಟು ನಿಗಾ ಮಾಡಿದ್ದಳು ಎಂದು ನಾನೇ ನೋಡಿದ್ದೆ. ಬಿಸಿನೀರಿನಲ್ಲಿ ಮೊಲೆ ತೊಳೆದು, ಒಗೆದ ಬಟ್ಟೆಯಲ್ಲಿ ಒರೆಸಿ, ಡಾಕ್ಟರು ಹೇಳಿದಷ್ಟೇ ಬಿಟ್ಟು, ಹೇಳಿದಷ್ಟು ದಿನವೂ ಆ ಹಾಲನ್ನು ಡೈರಿಗೆ ಹಾಕದೆ ಗುಂಡಿಗೆ ಚೆಲ್ಲಿದ್ದಳು.

"ಅಸೀಗ್ ಮಾಡಿದ್ರಲ್ಲಿ ಅರ್ದ ನಿಮ್ ಬೆರಳ್ಗೆ ಮಾಡ್ಕಂಡಿದ್ರೆ ಇಂಗಾಯ್ತಿತ್ತಾ? ದನುದ್ ಮದ್ದು ದನುಕ್ಕೆ, ಜನುದ್ ಮದ್ದು ಜನುಕ್ಕೆ. ಆ ಮದ್ದಿನ್ ಕೈಲೇ ಹಾಲೂ ಕರ್ದಿದ್ದೀರಲ್ಲ!"

ಅವಳು ಹಾಲಿನ ಮಾತಿಗೆ ಬೆಚ್ಚಿದಳು. "ಅಯ್ಯೋ, ಡೈರೀಲಿ ಗೊತ್ತಾದ್ರೆ?" ಅಂದಳು. ಬೆರಳಿಗಲ್ಲ, ಹಾಲಿಗೆ ಹೆದರಿದಳು. ಎಂಥ ಹೆಂಗಸು ಅಂತ ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು.

ಕಟ್ಟು ಬಿಚ್ಚಿದೆ. ಗಾಯದ ಸುತ್ತ ಸಣ್ಣ ಸಣ್ಣ ನೀರುಗುಳ್ಳೆ ಎದ್ದಿದ್ದವು. ಕೀವು ಒಳಗೆ ಇಳಿದು ಬೆರಳು ಬಾಳೆಕಾಯಿಯಷ್ಟಾಗಿತ್ತು. ಆದರೆ ನಾನು ಹೆದರಿದ್ದು ಅದನ್ನು ನೋಡಿ ಅಲ್ಲ. ಬೆರಳಿನ ಬುಡದಿಂದ ಒಂದು ಕೆಂಪು ಗೆರೆ ಹೊರಟು ಮಣಿಕಟ್ಟು ದಾಟಿ ಮೇಲಕ್ಕೆ ಹೋಗಿತ್ತು. ಹಣೆ ಮುಟ್ಟಿದರೆ ಸುಡುತ್ತಿತ್ತು. ಕೆಂಪು ಗೆರೆ ಹರಿಯತೊಡಗಿದರೆ, ಜ್ವರ ಬಂದರೆ, ಯಾವ ಮುಲಾಮಿಗೂ ಕಾಯಬಾರದು, ಆಸ್ಪತ್ರೆಗೆ ಓಡಬೇಕು ಅಂತ ನಮಗೆ ತರಬೇತಿಯಲ್ಲಿ ಹೇಳಿದ್ದರು.

ಆಟೋದವನಿಗೆ ಫೋನು ಮಾಡಿದೆ. ಅವನು ಬೇರೆ ಬಾಡಿಗೆ ಮುಗಿಸಿ ಬರುವ ಹೊತ್ತಿಗೆ ಐದಾಗುತ್ತಾ ಬಂದಿತ್ತು. ಕೊಟ್ಟಿಗೆಯಲ್ಲಿ ಗಂಗೆ ಕೂಗತೊಡಗಿತು. ಚಿಕ್ಕಬೋರಮ್ಮ ಎದ್ದು ಚೊಂಬು ತೆಗೆದುಕೊಂಡಳು.

"ಕರ್ದುಬುಟ್ಟು ಬತ್ತೀನಿ ಕಣವ್ವ, ಒಂದ್ ಗಳ್ಗೆ."

"ಆಗಾಕಿಲ್ಲ."

"ಕೆಚ್ಚಲು ತುಂಬ್ಕಂಡದೆ. ಕರೀದಿದ್ರೆ ಬಾವು ಬತ್ತದೆ. ಆ ಮೂಕಪ್ರಾಣಿಗೇನ್ ಗೊತ್ತು ನನ್ ಬೆರಳು?"

ದೊಡ್ಡಪ್ಪ ಜಗಲಿಯ ಮೇಲೆ ನಿಂತು, "ಒಂದೊತ್ತಿನ್ ಹಾಲು ತಾನೆ, ಕರ್ದುಬುಟ್ಟೇ ಓಗ್ಲಿ ಬುಡವ್ವ," ಅಂದ.

"ಆ ಗೆರೆ ತೋಳ್ಗತ್ತುದ್ರೆ ಬೆರಳಲ್ಲ, ಕೈಯೇ ಓಯ್ತದೆ ದೊಡ್ಡಪ್ಪ. ಕೈಯೇನು, ಜೀವ್ಕೇ ಬತ್ತದೆ. ಆಮೇಲ್ ಯಾರು ಕರೀತಾರೆ?" ಅಂತ ಬೀದಿಗೆಲ್ಲ ಕೇಳುವ ಹಾಗೆ ಕೂಗಿದೆ. ಆತ ಅವಳ ಕೈಯಿಂದ ಚೊಂಬು ಇಸಿದುಕೊಂಡ.

ಚಿಕ್ಕಬೋರಮ್ಮ ಒಂದು ಸಲ ಕೊಟ್ಟಿಗೆ ನೋಡಿದಳು, ಒಂದು ಸಲ ಆಟೋ ನೋಡಿದಳು. ಎರಡು ಕಡೆಗೂ ಕಾಲು ಬರಲಿಲ್ಲ. ನಾನು ಎಡಗೈ ಹಿಡಿದು ಎಳೆದು ಆಟೋದೊಳಗೆ ಕೂರಿಸಿದೆ. ಊರು ದಾಟುವವರೆಗೂ ಹಸುವಿನ ಕೂಗು ಕೇಳುತ್ತಿತ್ತು, ಅವಳು ಕಿವಿಗೆ ಸೆರಗು ಒತ್ತಿಕೊಂಡಿದ್ದಳು.

ಪಾಂಡವಪುರದ ಆಸ್ಪತ್ರೆಯಲ್ಲಿ ಬೆರಳು ಕೊಯ್ದು ಕೀವು ತೆಗೆದರು, ರಕ್ತನಾಳಕ್ಕೆ ಮದ್ದು ಹಾಕಿದರು, ನಾಲ್ಕು ದಿನ ಇರಬೇಕು ಅಂದರು. ಇನ್ನೊಂದು ದಿನ ಬಿಟ್ಟಿದ್ದರೆ ಬೆರಳು ತೆಗೆಯಬೇಕಾಗುತ್ತಿತ್ತು ಅಂತ ಡಾಕ್ಟರು ನನಗೆ ಬೇರೆ ಕರೆದು ಹೇಳಿದರು. ಚಿಕ್ಕಬೋರಮ್ಮ ಮಂಚದ ಮೇಲೆ ಗೋಡೆ ಗಡಿಯಾರ ನೋಡುತ್ತಾ ಮಲಗಿದ್ದಳು. ಎಡಗೈ ಮಾತ್ರ ಹೊದಿಕೆಯ ಮೇಲೆ ಮುಷ್ಟಿ ಬಿಗಿದು ಸಡಿಲಿಸುತ್ತಿತ್ತು.

ಮಾರನೆಯ ಬೆಳಗ್ಗೆ ದೊಡ್ಡಪ್ಪ ಇಡ್ಲಿ ಕಟ್ಟಿಸಿಕೊಂಡು ಬಂದ. ಇವಳು ಕೇಳಿದ ಮೊದಲ ಮಾತು, "ಗಂಗೆ?"

"ಕೊಡ್ತು," ಅಂದ ಆತ. "ನೆನ್ನೆ ಸಂಜೆ ಆರ್ ಲೀಟ್ರು, ಇವತ್ತು ಏಳು."

"ಯಾರ್ಗೆ ಕೊಡ್ತು?"

ದೊಡ್ಡಪ್ಪ ಅಕ್ಕಪಕ್ಕದ ಮಂಚ ನೋಡಿ ದನಿ ತಗ್ಗಿಸಿದ. "ನಂಗೇ. ನೀನ್ ಕೊಟ್ಗೇಗ್ ಉಡೋ ಸೀರೆ ಸುತ್ಕಂಡು, ತಲ್ಮೇಲ್ ಸೆರಗಾಕ್ಕಂಡು ಕುಂತ್ಕಂಡೆ. ಮೂಸಿ ನೋಡ್ತು, ನೀನೇ ಅನ್ಕಂಡು ಸುಮ್ಕಾಯ್ತು."

ನಾನು ನಕ್ಕ ನಗುವಿಗೆ ವಾರ್ಡಿನವರೆಲ್ಲ ತಿರುಗಿ ನೋಡಿದರು. ಆ ದಪ್ಪ ಮೀಸೆಯ ಮೇಲೆ ಹೂವಿನ ಸೀರೆಯ ಸೆರಗನ್ನು ನೆನೆಸಿಕೊಂಡರೆ ಯಾರಿಗೆ ನಗು ಬರುವುದಿಲ್ಲ? ದೊಡ್ಡಪ್ಪನೂ ನಾಚಿಕೊಂಡು ನಕ್ಕ. ಚಿಕ್ಕಬೋರಮ್ಮ ನಗಲಿಲ್ಲ. ಆತ ಟೀ ತರಲು ಹೊರಗೆ ಹೋದ. ಆಮೇಲೆ ಮೆಲ್ಲಗೆ ಅಂದಳು.

"ಐದೊರ್ಸದಿಂದೆ ಇದ್ನೇ ಕೇಳಿದ್ದೆ ಕಣ್ ಸುಧ. ಅವ್ವುಂಗೆ ಜೀವ ಈಗೋ ಆಗೋ ಅಂತಾಯ್ತಾ ಅದೆ, ನಿನ್ನೇ ಕೇಳ್ತಾವ್ಳೆ ಅಂತ ಕೆ.ಆರ್. ಪೇಟೆಯಿಂದ ಪೋನ್ ಬಂತು. ಎಲ್ಡೊತ್ತು ನನ್ ಸೀರೆ ಸುತ್ಕಂಡು ಕರ್ಕಳಿ, ಓಗಿ ಬತ್ತೀನಿ ಅಂದೆ ನಿನ್ ದೊಡ್ಡಪ್ಪುಂಗೆ. ನಾನೇನ್ ಎಂಗ್ಸೇನಮ್ಮಿ, ಬೀದೀಲ್ ಜನ ಉಗೀತಾರೆ ಅಂದ್ರು. ಸಂಜೆ ಕರ್ದೆ, ಬೆಳಗ್ಗೆ ಕರ್ದೆ. ನಾನ್ ಓಗೋ ಒತ್ಗೆ ನಮ್ಮವ್ವುನ್ನ ಮಣ್ಗೆ ಎತ್ಬುಟ್ಟಿದ್ರು."

ನನ್ನ ನಗು ನನಗೇ ಮುಳ್ಳಾಯಿತು. ದೊಡ್ಡಪ್ಪ ಕೆಟ್ಟವನಲ್ಲ, ಹೆಂಡತಿಗೆ ಒಂದು ಏಟು ಹೊಡೆದವನಲ್ಲ. ಆದರೂ ಟೀ ಹಿಡಿದು ಬಂದ ಆತನ ಮುಖ ನೋಡಲು ನನಗೆ ಮನಸ್ಸಾಗಲಿಲ್ಲ. ಇಷ್ಟು ವರ್ಷ ಅವಳನ್ನು ಕೊಟ್ಟಿಗೆಗೆ ಕಟ್ಟಿದ್ದು ಹಸುವೆಂದು ನಾವೆಲ್ಲ ನಂಬಿದ್ದೆವು.

ಊರಿಗೆ ಬಂದ ಮೇಲೆ ಡಾಕ್ಟರು ಬರೆದಂತೆ ಮಾತ್ರೆ ಪೂರ್ತಿ ನುಂಗಿಸಿದೆ. ಹೊಸ ಟ್ಯೂಬನ್ನು ನನ್ನ ಚೀಲದಲ್ಲೇ ಇಟ್ಟುಕೊಂಡೆ, ಯಾರ ಹಿಮ್ಮಡಿಗೂ ಸಿಗಬಾರದು ಅಂತ. ದಿನಕ್ಕೆ ಎರಡು ಸಲ ಹೋಗಿ, ಕೈ ತೊಳೆದು, ಟ್ಯೂಬಿನ ಮೂತಿ ಗಾಯಕ್ಕೆ ತಾಗದ ಹಾಗೆ ಹತ್ತಿಯ ಮೇಲೆ ಚೂರು ಹಿಂಡಿ, ತೆಳ್ಳಗೆ ಸವರಿ, ಹೊಸ ಬಟ್ಟೆ ಕಟ್ಟುತ್ತಿದ್ದೆ. ಎರಡು ವಾರ ನೀರು ತಾಗಿಸಬಾರದು ಅಂದಿದ್ದರು. ಅಷ್ಟೂ ದಿನ ದೊಡ್ಡಪ್ಪ ಸೀರೆ ಸುತ್ತಿಕೊಂಡು ಹಾಲು ಕರೆದ. ಬೀದಿಯವರು ಮೂರು ದಿನ ನಕ್ಕರು, ನಾಲ್ಕನೆಯ ದಿನ ಬೇರೆ ಯಾರದೋ ಸುದ್ದಿ ಸಿಕ್ಕಿತು.

ಹದಿನೈದನೆಯ ದಿನ ಕಟ್ಟು ಬಿಚ್ಚಿದರೆ ಗಾಯ ಮಾಯ್ದಿತ್ತು. ಎಳೆಯ ಚರ್ಮ ಬಂದಿತ್ತು, ಊತ ಇರಲಿಲ್ಲ, ಒತ್ತಿದರೂ ನೋವಿರಲಿಲ್ಲ. ಬೆರಳು ಪೂರ್ತಿ ಮಡಚುತ್ತಿತ್ತು. ನನಗೆ ಎಷ್ಟು ಸಂತೋಷವಾಯಿತೆಂದರೆ ಆ ಬೆರಳಿಗೇ ಮುತ್ತು ಕೊಡಬೇಕು ಅನ್ನಿಸಿತು.

ಕೊಟ್ಟಿಗೆಯಿಂದ ದೊಡ್ಡಪ್ಪ ಕೂಗಿದ, "ಮಾಯ್ತೇನವ್ವ ಸುಧ? ಮಾಯ್ದಿದ್ರೆ ಯೋಳು, ಈ ಸೀರೆ ಬಿಚ್ಚಾಕ್ಬುಡ್ತೀನಿ."

ಚಿಕ್ಕಬೋರಮ್ಮ ನನ್ನ ಮಣಿಕಟ್ಟು ಹಿಡಿದುಕೊಂಡಳು. ಹಾಲು ಕರೆದು ಕರೆದು ಕಬ್ಬಿಣವಾದ ಹಿಡಿತ. ಕಣ್ಣು ನನ್ನ ಮೇಲೆ ನೆಟ್ಟಿತ್ತು, ತುಟಿ ಮಾತ್ರ ಆಡಿತು.

"ಇನ್ನೂ ಮಾಯ್ದಿಲ್ಲ ಅನ್ನವ್ವ."

ಹೇಳಿದ್ದಕ್ಕಿಂತ ಒಂದು ದಿನವೂ ಹೆಚ್ಚು ಹಚ್ಚಬೇಡಿ ಅಂತ ಊರಿಗೆಲ್ಲ ಹೇಳಿಕೊಂಡು ತಿರುಗುವವಳು ನಾನು. ಟ್ಯೂಬಿನ ಮುಚ್ಚಳ ತೆಗೆಯಲಿಲ್ಲ. ಮಾಯ್ದ ಬೆರಳಿಗೆ ಒಣಗಿದ ಬಿಳಿ ಬಟ್ಟೆಯನ್ನು ಎರಡು ಸುತ್ತು ಹೆಚ್ಚಾಗಿಯೇ ಸುತ್ತಿ ಗಂಟು ಹಾಕಿದೆ.

"ಇನ್ನೊಂದ್ ವಾರ ನೀರು ತಾಕಂಗಿಲ್ಲ ದೊಡ್ಡಪ್ಪ," ಅಂತ ಕೂಗಿ ಹೇಳಿದೆ. ಕೆಲಸಕ್ಕೆ ಸೇರಿದ ಮೇಲೆ ಆರೋಗ್ಯದ ವಿಚಾರದಲ್ಲಿ ನಾನು ಹೇಳಿದ ಮೊದಲ ಸುಳ್ಳು ಅದು.

ಮಾರನೆಯ ದಿನ ಅವಳು ಮಗಳ ಮನೆಗೆ ಹೊರಟಳು. ನಾಗಮಂಗಲದ ಬಸ್ಸು ಹತ್ತಿಸಲು ನಾನೇ ಹೋಗಿದ್ದೆ. ಕಟ್ಟಿದ ಬೆರಳನ್ನು ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದು ಕಿಟಕಿ ಪಕ್ಕ ಕೂತಳು. ಬಸ್ಸು ಹೊರಡುವಾಗ ಕಂಬಿಗೆ ಮುಖ ತಂದು ಕೇಳಿದಳು.

"ವಾರ ಅಂದ್ರೆ ಏಳ್ ರಾತ್ರಿ ಅಲ್ವಾ ಸುಧ?"

ಹೂಂ ಅಂದೆ.