ಬಿಳಿ ಡಬ್ಬ, ಕಪ್ಪು ಡಬ್ಬ ಮತ್ತು ಜಯಕ್ಕನ ಅಂಗೈ

ನಮ್ಮ ಕುಟುಂಬದಲ್ಲಿ ಈಗ ಎರಡು ಪಕ್ಷಗಳಿವೆ. ಒಂದು ಬಿಳಿ ಡಬ್ಬದ ಪಕ್ಷ, ಇನ್ನೊಂದು ಕಪ್ಪು ಡಬ್ಬದ ಪಕ್ಷ. ಎರಡರಲ್ಲೂ ಇರುವುದು ಒಬ್ಬೊಬ್ಬರೇ ಸದಸ್ಯರು. ಆದರೆ ಗಲಾಟೆ ಮಾತ್ರ ನಾಳೆಯೇ ಮತದಾನ ಅನ್ನುವ ಹಾಗೆ.

ಬಿಳಿ ಪಕ್ಷದ ನಾಯಕಿ ನನ್ನ ಮಗಳು ಮೇಘನಾ. ದಾಬಸ್‌ಪೇಟೆಯ ಗೋದಾಮೊಂದರ ಆಫೀಸಿನಲ್ಲಿ ಕೆಲಸ. ಇಡೀ ದಿನ ಯಾವ ಲಾರಿ ಎಲ್ಲಿ ನಿಂತಿದೆ ಎಂದು ಫೋನಿನಲ್ಲಿ ವಿಚಾರಿಸಿ ಸುಸ್ತಾಗಿ ಬರುತ್ತಾಳೆ. ಬಂದವಳು ಟಿವಿ ಮುಂದೆ ಕೂತು ಇನ್ನೊಂದು ಲಾರಿ ಓಡಿಸುತ್ತಾಳೆ. (ಇದಕ್ಕೆ ರಿಲ್ಯಾಕ್ಸ್ ಆಗೋದು ಅಂತಾರಂತೆ.) ಕಪ್ಪು ಪಕ್ಷದ ನಾಯಕ ಕಿರಣ್, ನನ್ನ ಅಕ್ಕ ಜಯಕ್ಕನ ಅಳಿಯ. ಹೊಸಕೋಟೆ ಹತ್ತಿರದ ಕಾರ್ಖಾನೆಯಲ್ಲಿ ಕ್ವಾಲಿಟಿ ಚೆಕಿಂಗ್ ಮಾಡುತ್ತಾನೆ. ಅವನ ಪ್ರಕಾರ ಈ ಜಗತ್ತಿನಲ್ಲಿ ಪಾಸಾದ ವಸ್ತು ಒಂದೇ ಒಂದು. ಅದು ಅವನ ಗೇಮಿಂಗ್ ಕನ್ಸೋಲ್.

ಎರಡೂ ಡಬ್ಬಗಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಆಡುವವರಿಗೆ ಬಣ್ಣ ಹೇಳಿದರೆ ಸಾಕು. ಆಡದವರಿಗೆ ಇಷ್ಟು ಗೊತ್ತಿದ್ದರೆ ಸಾಕು: ಟಿವಿಗೆ ಸಿಕ್ಕಿಸಿ ವಿಡಿಯೋ ಗೇಮ್ ಆಡುವ ಯಂತ್ರ ಅದು. ಆಡುವವರ ಕೈಯಲ್ಲಿ ಕಂಟ್ರೋಲರ್ ಇರುತ್ತದೆ. ಪರದೆಯ ಮೇಲೆ ಕಾರು ಗುಂಡಿಗೆ ಬಿದ್ದರೆ ಆ ಕಂಟ್ರೋಲರ್ ಗಡಗಡ ನಡುಗುತ್ತದೆ.

ಜಗಳ ಶುರುವಾಗಿದ್ದು ಫ್ಯಾಮಿಲಿ ವಾಟ್ಸಾಪ್ ಗ್ರೂಪಿನಲ್ಲಿ. ಗುಡ್ ಮಾರ್ನಿಂಗ್ ಹೂವುಗಳ ನಡುವೆ ಇಬ್ಬರೂ ಟೆರಾಫ್ಲಾಪ್, ಫ್ರೇಮ್ ರೇಟ್ ಎಂದು ಯಂತ್ರದ ವೇಗದ ಲೆಕ್ಕ ಹಿಡಿದು ಗುದ್ದಾಡುತ್ತಿದ್ದರು. ನಮ್ಮ ಚಿಕ್ಕಪ್ಪ ಒಬ್ಬರು ಟೆರಾಫ್ಲಾಪ್ ಯಾರಿಗೆ ಬಂದಿದೆ, ಯಾವ ಆಸ್ಪತ್ರೆ ಎಂದು ಗಾಬರಿಯಿಂದ ಕೇಳಿದರು. ಕೊನೆಗೆ ಕಿರಣ್ ನನಗೆ ಫೋನ್ ಮಾಡಿದ.

"ಮಾವ, ಭಾನುವಾರ ಎರಡೂ ಪಕ್ಕಪಕ್ಕ ಇಟ್ಟು ನೋಡ್ಬಿಡೋಣ. ನೀವೇ ಮಾರ್ಕ್ಸ್ ಹಾಕಿ. ಆದ್ರೆ ಮಗಳು ಅಂತ ಪಕ್ಷಪಾತ ಮಾಡಂಗಿಲ್ಲ."

ನಾನು ಹೈಸ್ಕೂಲ್ ಮೇಷ್ಟ್ರು. ಮಾರ್ಕ್ಸ್ ಹಾಕಿ ಅಂದರೆ ಊಟ ಬಿಟ್ಟು ಎದ್ದು ಬರುವ ಜಾತಿ.

ಜಾಗ ನಮ್ಮ ಜಯಕ್ಕನ ಮನೆ. ದೊಡ್ಡಬಳ್ಳಾಪುರದಲ್ಲೇ, ನಮ್ಮ ಮನೆಯಿಂದ ನಾಲ್ಕು ಬೀದಿ ಆಚೆ. ಕಿರಣ್‌ನ ಹೆಂಡತಿ ಸೌಮ್ಯ ಆಗ ಏಳು ತಿಂಗಳ ಬಸುರಿ, ತಾಯಿ ಮನೆಗೆ ಬಂದಿದ್ದಳು. ಹಾಗಾಗಿ ಅವನು ಪ್ರತಿ ಭಾನುವಾರ ಅಲ್ಲಿಗೆ ಹಾಜರ್. ಹೆಂಡತಿಗೆ ಹಣ್ಣು ತರುತ್ತಾನೋ ಇಲ್ಲವೋ, ಬ್ಯಾಗಿನಲ್ಲಿ ಕಪ್ಪು ಡಬ್ಬ ಮಾತ್ರ ಇದ್ದೇ ಇರುತ್ತದೆ.

ಆ ಮನೆಯಲ್ಲಿ ಇನ್ನೊಂದು ವಿಷಯ ನಡೆಯುತ್ತಿತ್ತು. ಇನ್ನು ಎರಡು ವಾರಕ್ಕೆ ಸೌಮ್ಯಳ ಸೀಮಂತ. ಜಯಕ್ಕ ಮಾತ್ರ ತಾನು ಹೊರಗೆ ಬಂದು ಜನರ ನಡುವೆ ಕೂರುವುದಿಲ್ಲ, ಅಡುಗೆಮನೆಯಲ್ಲೇ ಇರುತ್ತೇನೆ ಎಂದು ಹಟ ಹಿಡಿದಿದ್ದಳು. ಅಮ್ಮ ಪಕ್ಕದಲ್ಲಿಲ್ಲದಿದ್ದರೆ ನಾನು ಹಸೆಯ ಮೇಲೆ ಕೂರಲ್ಲ ಎಂದು ಸೌಮ್ಯ. ತಾಯಿಯಂತೆ ಮಗಳು. ಭಾವ ಇಬ್ಬರ ನಡುವೆ ಸಿಕ್ಕಿಕೊಂಡು ಮಗ್ಗಗಳಿಗೆ ಎಣ್ಣೆ ಹಾಕುವ ನೆಪದಲ್ಲಿ ಮನೆ ಹಿಂದಿನ ಶೆಡ್ ಸೇರಿಬಿಟ್ಟಿದ್ದರು.

ಕಾರಣ, ಜಯಕ್ಕನ ಕಿವಿ. ಮದುವೆಯಾಗಿ ಬಂದಾಗಿನಿಂದ ಆ ಶೆಡ್ಡಿನಲ್ಲಿ ಮೂವತ್ತೈದು ವರ್ಷ ಪವರ್‌ಲೂಮ್ ನೋಡಿಕೊಂಡವಳು ಅವಳು. ಆರು ಮಗ್ಗ ಒಟ್ಟಿಗೆ ಬಡಿಯುವ ಕೋಣೆಯಲ್ಲಿ ನೀವು ಐದು ನಿಮಿಷ ನಿಂತಿದ್ದೀರಾ? ಆ ಸದ್ದು ಕಿವಿಯನ್ನು ನಿಧಾನವಾಗಿ ತಿನ್ನುತ್ತದೆ. ಈಗ ಮೂರ್ನಾಲ್ಕು ವರ್ಷದಿಂದ ಅವಳಿಗೆ ಹೆಚ್ಚುಕಮ್ಮಿ ಏನೂ ಕೇಳುವುದಿಲ್ಲ. ಡಾಕ್ಟರ್ ಕೊಟ್ಟ ಕಿವಿ ಮಷೀನು ಬೀರುವಿನಲ್ಲಿದೆ. ಹಾಕಿಕೊಂಡರೆ ಮನುಷ್ಯರ ಮಾತು, ಮಿಕ್ಸಿ, ಬೀದಿಯ ಹಾರನ್ನು ಎಲ್ಲ ಕಲಸಿಕೊಂಡು ತಲೆ ಸಿಡಿಯುತ್ತದಂತೆ. ಮನೆಯ ಮಾತುಗಾತಿ ಎಂದು ಹೆಸರಾಗಿದ್ದ ನನ್ನ ಅಕ್ಕ ಒಂದೊಂದೇ ಮದುವೆ, ನಾಮಕರಣ ಬಿಟ್ಟು ಒಳಮನೆ ಸೇರಿದಳು. ನಾವೂ ಅದಕ್ಕೆ ಹೊಂದಿಕೊಂಡುಬಿಟ್ಟೆವು.

ಸರಿ, ಸ್ಪರ್ಧೆಗೆ ಬರೋಣ.

ಎರಡೂ ಡಬ್ಬಗಳನ್ನು ಒಂದೇ ಟಿವಿಗೆ ಸಿಕ್ಕಿಸಿ, ಎರಡರಲ್ಲೂ ಸಿಗುವ ಒಂದೇ ಕಾರ್ ರೇಸ್ ಹಾಕಿದೆವು. ನಾನು ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಗೆರೆ ಎಳೆದು ಕೂತೆ. ಮೊದಲು ಚಿತ್ರ. ಒದ್ದೆ ರಸ್ತೆಯಲ್ಲಿ ಆಕಾಶ ಕಾಣುತ್ತಿತ್ತು. ಕಾರಿನ ಗಾಜಿನ ಮೇಲೆ ಹನಿಗಳು ಗಾಳಿಗೆ ಹಿಂದಕ್ಕೆ ಜಾರುತ್ತಿದ್ದವು. ಇದನ್ನು ಯಾರೋ ಕೂತು ಯೋಚಿಸಿ, ಬರೆದು, ತಿದ್ದಿ ಮಾಡಿದ್ದಾರಲ್ಲ? ನಾನು ನಿಜಕ್ಕೂ ಬೆರಗಾದೆ. ಬಿಳಿಯದರಲ್ಲಿ ಚೆನ್ನಾಗಿದೆಯೋ ಕಪ್ಪಿನಲ್ಲೋ ಎಂದು ಇಬ್ಬರೂ ನನ್ನ ಮುಖ ನೋಡಿದರು. ಕನ್ನಡಕ ತೆಗೆದು ನೋಡಿದೆ, ಹಾಕಿ ನೋಡಿದೆ. ಇಬ್ಬರಿಗೂ ಹತ್ತಕ್ಕೆ ಒಂಬತ್ತು.

ಆಮೇಲೆ ಕಪ್ಪು ಡಬ್ಬ ಒಂದು ಚಮತ್ಕಾರ ತೋರಿಸಿತು. ಒಂದು ಆಟ ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹೋಗಿ, ಅಲ್ಲಿಂದ ಮೂರನೆಯದಕ್ಕೆ ಹೋಗಿ, ವಾಪಸ್ ಬಂದರೆ ಮೊದಲ ಆಟದ ಕಾರು ಅದೇ ತಿರುವಿನಲ್ಲಿ ಕಾಯುತ್ತಿತ್ತು. ಅದಕ್ಕೆ ಚಂದಾ ಕಟ್ಟಿದರೆ ಲೈಬ್ರರಿಯ ಹಾಗೆ ನೂರಾರು ಆಟ. ಬಿಳಿ ಡಬ್ಬದ ಬಲ ಬೇರೆ. ಅದರ ಕಥೆಯ ಆಟಗಳನ್ನು ಮೇಘನಾ ತೋರಿಸಿದಾಗ ನಾನು ಮಾರ್ಕ್ಸ್ ಹಾಕುವುದು ಮರೆತು ಕಥೆಯ ಹುಡುಗಿ ಕಾಡು ದಾಟುತ್ತಾಳೋ ಇಲ್ಲವೋ ಎಂದು ಕೂತುಬಿಟ್ಟೆ. ಗಾತ್ರದಲ್ಲಿ ಮಾತ್ರ ಎರಡೂ ಫೇಲು. ಟಿವಿ ಸ್ಟ್ಯಾಂಡಿನಲ್ಲಿದ್ದ ಗಣಪತಿ ಫೋಟೋ ಕೆಳಗಿಳಿಯಬೇಕಾಯಿತು.

ಒಟ್ಟು ಕೂಡಿದರೆ ಸರಿಸಮ. ಎರಡೂ ಪಕ್ಷಗಳು ಮರುಮೌಲ್ಯಮಾಪನ ಕೇಳಿದವು.

ಅಷ್ಟರಲ್ಲಿ ಜಯಕ್ಕ ಕಾಫಿ ತಂದಳು. ತಟ್ಟೆ ಇಡಲು ಟೀಪಾಯಿ ಮೇಲೆ ಕೈ ಊರಿದವಳು ಹಾಗೇ ನಿಂತಳು. ಬಿಳಿ ಕಂಟ್ರೋಲರ್ ಆ ಟೀಪಾಯಿ ಮೇಲೆ ಬಿದ್ದಿತ್ತು. ಪರದೆಯಲ್ಲಿ ನಿಂತ ಕಾರಿನ ಎಂಜಿನ್ನು ಓಡುತ್ತಿತ್ತು, ಅದರ ನಡುಕ ಟೀಪಾಯಿಗೂ ದಾಟುತ್ತಿತ್ತು.

"ಇದ್ರೊಳಗೆ ಏನೋ ಓಡ್ತೈತಲ್ಲ," ಎಂದಳು.

ಮೇಘನಾ ಅದನ್ನು ತೆಗೆದು ಅವಳ ಎರಡೂ ಕೈಗೆ ಇಟ್ಟಳು. ಬಲಗಡೆ ಒತ್ತಿದರೆ ಹೋಗುತ್ತದೆ, ಎಡಗಡೆ ಒತ್ತಿದರೆ ನಿಲ್ಲುತ್ತದೆ ಎಂದು ಬೆರಳ ಮೇಲೆ ಬೆರಳಿಟ್ಟು ತೋರಿಸಿದಳು. ಜಯಕ್ಕ ಕಾಫಿ ಮರೆತು ಕೂತಳು. ಕಾರು ಹೊರಟಿತು. ರಸ್ತೆಯ ಅಂಚಿನ ಮಣ್ಣಿಗೆ ಚಕ್ರ ತಾಗಿದ್ದೇ ತಡ, ಕಂಟ್ರೋಲರ್ ಸಣ್ಣಗೆ ಗುರ್ರೆಂದಿತು. ಜಯಕ್ಕ ತಟ್ಟನೆ ಕಾರು ನಿಲ್ಲಿಸಿಬಿಟ್ಟಳು.

"ಹೋಗಿ ಅತ್ತೆ, ಹೋಗಿ, ಏನೂ ಆಗಲ್ಲ," ಎಂದು ಕಿರಣ್ ಕೂಗಿದ. ಅವಳಿಗೆಲ್ಲಿ ಕೇಳಬೇಕು? ಮತ್ತೆ ಹೊರಟಳು. ಮತ್ತೆ ಒಂದು ಕಲ್ಲು, ಮತ್ತೆ ನಿಲುಗಡೆ. ಹಿಂದಿನ ಕಾರುಗಳೆಲ್ಲ ಸುಯ್ಯೆಂದು ದಾಟಿ ಹೋದವು. ಎಲ್ಲರಿಗಿಂತ ಕೊನೆಯವಳಾಗಿ ಗೆರೆ ಮುಟ್ಟಿದಳು.

ನನಗೆ ಅರ್ಥವಾಯಿತು. ಮಗ್ಗ ನಡೆಸುವವರು ಮಗ್ಗದ ಮೈ ಮೇಲೆ ಅಂಗೈ ಇಟ್ಟೇ ಅದರ ಆರೋಗ್ಯ ತಿಳಿಯುತ್ತಾರೆ. ನಡುಕ ಒಂಚೂರು ಬದಲಾದರೂ ತಕ್ಷಣ ನಿಲ್ಲಿಸಬೇಕು. ಅಡ್ಡ ನೂಲು ಒಯ್ಯುವ ಲಾಳಿ ಸಿಕ್ಕಿಕೊಂಡಾಗ ಮುಂದೆ ಓಡಿಸಿದರೆ ಹಾಸಿನ ಎಳೆಗಳು ರಾಶಿರಾಶಿ ಕಿತ್ತು ಬರುತ್ತವೆ, ಸೀರೆ ಹಾಳು. ಮೂವತ್ತೈದು ವರ್ಷದ ಅಭ್ಯಾಸವನ್ನು ಕಾರ್ ರೇಸ್ ಬಿಡಿಸುತ್ತದೆಯೇ?

"ಅತ್ತೆ, ನೀವು ಲಾಸ್ಟು," ಎಂದು ಮೇಘನಾ ಕೈ ತಿರುಗಿಸಿ ಹೇಳಿದಳು.

"ಆಗ್ಲಿ ಬಿಡು. ಗಾಡಿಗೊಂದು ಗೀರು ಬಿದ್ದಿಲ್ಲ, ನೋಡು," ಎಂದಳು ಜಯಕ್ಕ, ಬಹಳ ಹೆಮ್ಮೆಯಿಂದ.

ಆಮೇಲೆ ಕಪ್ಪು ಕಂಟ್ರೋಲರ್ ಕೇಳಿ ಪಡೆದಳು. ಕಣ್ಣು ಮುಚ್ಚಿ ಅಂಗೈಯಲ್ಲಿ ತೂಗಿದಳು, ಆಮೇಲೆ ಕಣ್ಣು ಬಿಟ್ಟು ಒಂದು ಸುತ್ತು ಓಡಿಸಿದಳು. ನಾನು ಪೆನ್ಸಿಲ್ ಹಿಡಿದು ಕಾದೆ. ಕಪ್ಪಿನದು ಗಟ್ಟಿಮುಟ್ಟು, ಕೈಗೆ ಚೆನ್ನಾಗಿ ಕೂರುತ್ತದೆ, ದೊಡ್ಡ ಪೆಟ್ಟು ಬಿದ್ದರೆ ಬೆರಳ ತುದಿಗೇ ತಿಳಿಯುತ್ತದೆ ಎಂದಳು. ಬಿಳಿಯದು ಮೆತ್ತಗೆ ಮಾತಾಡುತ್ತದೆ. ಮರಳಿಗೆ ಒಂದು ಥರ, ಒದ್ದೆ ರಸ್ತೆಗೆ ಇನ್ನೊಂದು ಥರ. ಬ್ರೇಕು ಒತ್ತಿದರೆ ಬೆರಳಿಗೆ ಎದುರು ತಳ್ಳುತ್ತದೆ. ನಾನು ಒಂದು ವಾರ ಯೂಟ್ಯೂಬಿನಲ್ಲಿ ಕನ್ಸೋಲ್ ವಿಮರ್ಶೆ ನೋಡಿದ್ದೆ. ಇಷ್ಟು ಸ್ಪಷ್ಟವಾಗಿ ಒಬ್ಬನೂ ಹೇಳಿರಲಿಲ್ಲ.

ಆಮೇಲೆ ಕಿರಣ್ ಕಡೆ ತಿರುಗಿದಳು. "ಅಳಿಯಂದ್ರೇ, ಇದನ್ನ ಎಲ್ಲಾದ್ರೂ ಬೀಳಿಸಿದ್ರಾ? ಎಡಗಡೆ ತಿರುಗಿಸೋ ಕಡ್ಡಿ ಒಂಚೂರು ಎಳೀತೈತೆ."

"ಇಲ್ವಲ್ಲ ಅತ್ತೆ," ಎಂದು ಕಿರಣ್ ತಲೆಯಾಡಿಸಿದ.

"ಎರಡ್ ಸಲ. ಮೆಟ್ಟಿಲ ಮೇಲಿಂದ," ಎಂದು ಒಳಗಿನಿಂದ ಸೌಮ್ಯ ಸಾಕ್ಷಿ ನುಡಿದಳು. ಆರು ತಿಂಗಳಿಂದ ಆಟದಲ್ಲಿ ಅವನ ಕಾರು ಎಡಕ್ಕೆ ವಾಲುತ್ತಿತ್ತು. ಅವನು ಟಿವಿಯನ್ನು ಬೈಯುತ್ತಿದ್ದ. ಕ್ವಾಲಿಟಿ ಚೆಕಿಂಗ್ ಅಂದರೆ ಇದೇ ಅಲ್ಲವೇ?

ಸೋತ ಕಿರಣ್ ಮಾತು ತಿರುಗಿಸಿದ. "ಅತ್ತೆ ಬಸ್ ಓಡಿಸಿದ್ರೆ ಬಸುರೀರು ಡ್ರೈವರ್ ಪಕ್ಕದ ಸೀಟಲ್ಲೇ ಹಾಯಾಗಿ ನಿದ್ದೆ ಮಾಡ್ಬೋದು."

ನಾವೆಲ್ಲ ನಕ್ಕೆವು. ಜಯಕ್ಕ ಒಬ್ಬೊಬ್ಬರ ಮುಖ ನೋಡಿದಳು. ಆಮೇಲೆ ನನ್ನನ್ನು ಕೇಳಿದಳು. "ಏನಂದ್ರೋ ಅಳಿಯಂದ್ರು?"

"ಏನಿಲ್ಲ ಬಿಡಕ್ಕ," ಎಂದೆ.

ಅವಳು ಆಟ ನಿಲ್ಲಿಸಿದಳು.

"ಅದೊಂದು ಮಾತು ಮಾತ್ರ ನಂಗೆ ಎಲ್ರ ಬಾಯಲ್ಲೂ ಚೆನ್ನಾಗಿ ಗೊತ್ತಾಗ್ತೈತೆ ಕಣೋ. ಮದ್ವೆಗೋದ್ರೂ ಅದೇ, ಮನೇಲಿದ್ರೂ ಅದೇ. ನಗೋದು ನೀವು, ಏನೂ ಇಲ್ದಿರೋದು ನಂಗೆ." ಬಿಳಿ ಕಂಟ್ರೋಲರ್ ಎತ್ತಿ ತೋರಿಸಿದಳು. "ಇದು ನೋಡು. ಸಣ್ಣ ಕಲ್ಲು ಸಿಕ್ಕಿದ್ರೂ ನಂಗೆ ಹೇಳ್ತೈತೆ. ಒಂದ್ ಸಲಾನಾದ್ರೂ ಏನಿಲ್ಲ ಬಿಡು ಅಂತಾ?"

ನನಗೆ ನಾಚಿಕೆಯಾಯಿತು. ಬೇರೆ ಯಾರೇ ಹಾಗೆ ಅಂದಿದ್ದರೂ ಒಂದು ಮಾತು. ನಾನು ಅನ್ನಬಾರದಿತ್ತು. ಕಾಲೇಜಿಗೆ ಹೋಗುವ ಕಾಲದಲ್ಲಿ ನಾನೂ ಅದೇ ಶೆಡ್ಡಿನಲ್ಲಿ ಅಕ್ಕನ ಜೊತೆ ಮಗ್ಗದ ಬೀಮಿನ ಉರುಳೆಗೆ ನೂಲು ಸುತ್ತಿದವನು. ಆ ಸದ್ದಿನಲ್ಲಿ ಯಾರೂ ಕೂಗುವುದಿಲ್ಲ. ತುಟಿ ದೊಡ್ಡದಾಗಿ ಆಡಿಸಿ, ಕೈಯಲ್ಲಿ ಹೇಳುತ್ತಾರೆ. ಎರಡು ಬೆರಳು ಕತ್ತರಿಸಿದ ಹಾಗೆ ಮಾಡಿದರೆ ಎಳೆ ಕಿತ್ತಿದೆ ಅಂತ, ಹೆಬ್ಬೆರಳು ತುಟಿಗೆ ಬಂದರೆ ಟೀ ಬಂದಿದೆ ಅಂತ. ಊರಿನ ಸುದ್ದಿ, ಅತ್ತೆ ಸೊಸೆ ಜಗಳ, ಎಲ್ಲ ಹಾಗೇ ದಾಟುತ್ತಿತ್ತು. ಆ ಭಾಷೆ ನನಗೆ ಬರುತ್ತಿತ್ತು. ಮೇಷ್ಟ್ರಾದ ಮೇಲೆ ಅದು ಬೇಕಾಗಿಲ್ಲ ಅಂದುಕೊಂಡಿದ್ದೆ, ಅಷ್ಟೇ.

ಅಕ್ಕನ ಎದುರು ಕೂತೆ. ಬಸ್ಸಿನ ಸ್ಟೇರಿಂಗ್ ತಿರುಗಿಸಿದೆ. ಹೊಟ್ಟೆಯ ಮುಂದೆ ಕೈಯಲ್ಲಿ ದೊಡ್ಡ ಹೊಟ್ಟೆ ಬರೆದೆ. ತಲೆ ವಾಲಿಸಿ ನಿದ್ದೆ ಮಾಡಿದೆ. ಕಿರಣ್ ಹೇಳಿದ್ದನ್ನು ಪೂರ್ತಿ, ತುಟಿ ಬಿಡಿಸಿ ಹೇಳಿದೆ.

ಜಯಕ್ಕ ನಕ್ಕಳು. ಆಮೇಲೆ ಕಿರಣ್‌ನನ್ನು ಕೇಳಿದಳು: "ಬಸ್ಸು ಯಾರ್ ಕೊಡಿಸ್ತಾರೆ, ನೀವಾ?"

ಅವಳು ಮಾತಿಗೆ ಮಾತು ಕೊಟ್ಟಿದ್ದನ್ನು ನಾನು ಕೇಳಿ ಎಷ್ಟು ದಿನವಾಗಿತ್ತೋ. ಬಿಳಿ ಡಬ್ಬಕ್ಕೆ ಅರ್ಧ ಅಂಕ ಜಾಸ್ತಿ ಹಾಕಿದೆ. ಕಿರಣ್ ಕೂಡ ತಕರಾರು ತೆಗೆಯಲಿಲ್ಲ.

ಹೊರಡುವಾಗ ಅಕ್ಕ ನನ್ನನ್ನು ಬಾಗಿಲಲ್ಲಿ ತಡೆದಳು. "ಸೀಮಂತದ ದಿನ ನನ್ ಪಕ್ಕ ಕೂತು ಹಿಂಗೇ ಎಲ್ಲಾ ಹೇಳ್ತೀಯಾ? ಹಂಗಾದ್ರೆ ಬತ್ತೀನಿ. ಒಂದೂ ಬಿಡಂಗಿಲ್ಲ."

ಹೋದ ವಾರ ಸೀಮಂತ ಆಯಿತು. ಜಯಕ್ಕ ರೇಷ್ಮೆ ಸೀರೆ ಉಟ್ಟು ಮುಂದಿನ ಸಾಲಿನಲ್ಲಿ ಕೂತಳು. ನಾನು ಅವಳ ಕಡೆ ತಿರುಗಿ, ಎದುರಿನ ಕುರ್ಚಿಯಲ್ಲಿ. ಪುರೋಹಿತರ ಚಟಾಕಿ, ಮೈಕಿನಲ್ಲಿ ಹಾಡಿದವರ ಹಾಡು, ಯಾರ ಸೀರೆಗೆ ಯಾರು ಏನಂದರು, ಬೀಗರ ಕಡೆಯವರು ಹೋಳಿಗೆಗೆ ತೆಗೆದ ತಕರಾರು, ಒಂದೂ ಬಿಡಲಿಲ್ಲ. (ಪಾಠ ಮಾಡುವುದಕ್ಕಿಂತ ಕಷ್ಟದ ಕೆಲಸ. ಎರಡು ಗಂಟೆಯಲ್ಲಿ ದವಡೆ ನೋವು ಬಂತು.) ಹಸೆಯ ಮೇಲಿದ್ದ ಸೌಮ್ಯ ಪದೇ ಪದೇ ಅಮ್ಮನ ಮುಖ ನೋಡುತ್ತಿದ್ದಳು. ಅಮ್ಮ ಎಲ್ಲರ ಜೊತೆ, ಎಲ್ಲರೂ ನಕ್ಕ ಕಡೆಯೇ ನಗುತ್ತಿದ್ದಳು.

ನಡುವೆ ಹೇಳುತ್ತಲೇ ನೀರಿನ ಲೋಟಕ್ಕೆಂದು ಒಂದು ಪಕ್ಕಕ್ಕೆ ವಾಲಿದೆ. ಅಕ್ಕನ ಹಿಂದಿನ ಸಾಲಿನಿಂದ ಗಂಗಣ್ಣನವರು ಮುಂದೆ ಬಾಗಿ, ಕೈ ಚಾಚಿ ನನ್ನ ಭುಜ ತಟ್ಟಿದರು. ಅವರು ನಮ್ಮ ಬೀದಿಯ ಹಿರಿಯರು. ಆ ಸಾಲಿನಲ್ಲಿದ್ದವರೆಲ್ಲ ನಮ್ಮ ಬೀದಿಯವರೇ, ಒಂದು ಕಾಲಕ್ಕೆ ಎಲ್ಲರೂ ಮಗ್ಗ ನಡೆಸಿದವರೇ. ಅಷ್ಟೂ ಜನ ವೇದಿಕೆ ಬಿಟ್ಟು ನನ್ನ ಬಾಯಿಯನ್ನೇ ನೋಡುತ್ತಿದ್ದರು.

"ಮೇಷ್ಟ್ರೇ, ಸ್ವಲ್ಪ ಈ ಕಡೆ ತಿರುಗಿ ಹೇಳಿ," ಎಂದರು ಗಂಗಣ್ಣ. "ಆ ಕಡೆ ವಾಲಿದ್ರೆ ನಿಮ್ ಬಾಯಿ ನಮ್ಗೆ ಕಾಣಲ್ಲ."

ಹಾಗಾದರೆ ಇಷ್ಟು ವರ್ಷ ನಮ್ಮೂರಿನ ಛತ್ರಗಳಲ್ಲಿ ನಗುನಗುತ್ತಾ ತಲೆಯಾಡಿಸಿ, ಉಂಡು, ಹರಸಿ ಹೋದವರಲ್ಲಿ ನಿಜಕ್ಕೂ ಕೇಳಿಸಿಕೊಂಡವರು ಎಷ್ಟು ಜನ?