ಬಾಸ್ ಬರೆಸಿದ ಬೇಸ್‌ಬಾಲ್ ಚರಿತ್ರೆ

ಕ್ರಿಕೆಟ್ಟನ್ನೇ ಐದು ನಿಮಿಷ ನೋಡಲಾಗದ ನನಗೆ ಅಮೆರಿಕದ ಒಂದು ನಗರದ ಬೇಸ್‌ಬಾಲ್ ಚರಿತ್ರೆ ಬಾಯಿಪಾಠವಾಗಬೇಕೆಂದು ಹಣೆಯಲ್ಲಿ ಬರೆದಿತ್ತು. ಎಂಬತ್ತರ ದಶಕದ ಕೊನೆ. ಮಸ್ಕತ್ತಿನ ಅಲ್ ಖುವೈರ್‌ನ ಒಂದು ಕಂಪನಿಯಲ್ಲಿ ನಾನು ಸ್ಟೆನೋ. ಮ್ಯಾನೇಜರ್ ಅಮೆರಿಕದವರು. ತಮ್ಮ ದೇಶದವರ ಕ್ಲಬ್ಬಿನಲ್ಲಿ ಅವರು ತಮ್ಮ ಊರಿನ ತಂಡಗಳ ಬಗ್ಗೆ ಭಾಷಣ ಮಾಡುವವರಿದ್ದರು. ಸಂಜೆ ಕೆಲಸ ಮುಗಿದ ಮೇಲೆ ಅವರು ಹೇಳುವುದು, ನಾನು ಶಾರ್ಟ್‌ಹ್ಯಾಂಡಿನಲ್ಲಿ ಬರೆದುಕೊಳ್ಳುವುದು.

ಅವರ ಅಜ್ಜನ ಕಾಲದಲ್ಲಿ ಮರದ ಗ್ಯಾಲರಿಗೆ ಬೆಂಕಿ ಬಿದ್ದದ್ದು, ಊರಿಗೆ ಎರಡು ತಂಡಗಳಿದ್ದದ್ದು, ಅದರಲ್ಲಿ ಒಂದನ್ನು ಮಾಲೀಕ ಮಾರಿ ಬೇರೆ ಊರಿಗೆ ಸಾಗಿಸಿದ್ದು, ಅಂದು ಅವರಪ್ಪ ಊಟ ಬಿಟ್ಟದ್ದು ಎಲ್ಲ ಬರೆದೆ. ಅಪ್ಪ ಊಟ ಬಿಟ್ಟರೆಂದಾಗ ಪಾಪ ಅನ್ನಿಸಿತ್ತು. ಆದರೆ ಏಳಕ್ಕೆ ಬಾಗಿಲು ಹಾಕಬೇಕಾದ ಆಫೀಸಿನಲ್ಲಿ ಎಂಟರವರೆಗೆ ಕೂತು ಎಷ್ಟು ಪಾಪ ಎನ್ನಲಾಗುತ್ತದೆ? ಮನೆಯಲ್ಲಿ ನನಗೆ ಒಂದೂವರೆ ವರ್ಷದ ಮಗನಿದ್ದ.

ಬೆಳಿಗ್ಗೆ ಎಂಟರಿಂದ ಒಂದು, ಮತ್ತೆ ನಾಲ್ಕರಿಂದ ಏಳು. ಮಧ್ಯಾಹ್ನ ನಾನು ಬರುವ ಹೊತ್ತಿಗೆ ಮಗುವಿಗೆ ನಿದ್ದೆ, ಎಚ್ಚರವಿದ್ದಾಗ ನಾನು ಆಫೀಸಿನಲ್ಲಿ. ಅವನನ್ನು ನೋಡಿಕೊಳ್ಳುತ್ತಿದ್ದವರು ಪಕ್ಕದ ಫ್ಲ್ಯಾಟಿನ ಉಡುಪಿಯ ಅಕ್ಕ. ಅವನು ಅವರನ್ನೇ ಅಮ್ಮ ಎನ್ನುತ್ತಿದ್ದ. ಹೀಗೆ ಎಷ್ಟು ದಿನ? ಮಂಗಳೂರಿನಲ್ಲಿದ್ದ ಅತ್ತೆ ಮಗುವನ್ನು ತಮ್ಮಲ್ಲಿಗೆ ಕಳಿಸಿ ಎಂದರು. ಗಂಡ ಒಪ್ಪಿದರು, ಬೇಸಗೆ ರಜೆಗೆಂದು ನಿಶ್ಚಯವೂ ಆಯಿತು. ಹಾಗೆ ಕಳಿಸಿ, ವರ್ಷಕ್ಕೊಂದು ತಿಂಗಳು ಮಕ್ಕಳ ಮುಖ ನೋಡುವವರು ನಮ್ಮವರಲ್ಲಿ ಎಷ್ಟೋ ಜನ. ಕೆಲಸ ಬಿಟ್ಟು ಕೂರೋಣವೆಂದರೆ ಗಂಡನ ಒಂದೇ ಸಂಬಳದಲ್ಲಿ ಮನೆ ನಡೆಯುತ್ತಿರಲಿಲ್ಲ.

ಉಳಿದ ದಾರಿ ಒಂದೇ. ಮನೆಯ ಹತ್ತಿರದ ಶಾಲೆಯೊಂದರ ಆಫೀಸಿನಲ್ಲಿ ನನಗೆ ಕೆಲಸ ಕೊಡಲು ಒಪ್ಪಿದ್ದರು. ಎರಡು ಗಂಟೆಗೆ ಮುಗಿಯುವ ಕೆಲಸ. ಆದರೆ ಹಳೆಯ ಕಂಪನಿ ರಿಲೀಸ್ ಲೆಟರ್ ಕೊಡದೆ ಇನ್ನೊಂದು ಕಡೆ ಸೇರುವಂತಿರಲಿಲ್ಲ. ಕೇಳಿದಾಗಲೆಲ್ಲ ಮ್ಯಾನೇಜರ್ ನಗುತ್ತಿದ್ದರು. "ನಿನ್ನನ್ನು ಬಿಟ್ಟರೆ ನನ್ನ ಗತಿ ಏನು? ನಿನ್ನಂಥ ಸ್ಟೆನೋ ಮಸ್ಕತ್ತಿನಲ್ಲೇ ಇಲ್ಲ." ಈ ಹೊಗಳಿಕೆಯನ್ನು ಗಂಜಿಗೆ ಕಲಸಿ ಮಗುವಿಗೆ ಉಣಿಸಲೇ?

ಒಂದು ಸಂಜೆ ಚರಿತ್ರೆ ಆಟಗಾರರ ಕರಾರಿಗೆ ಬಂತು. ಬಾಸ್ ಕಿಟಕಿಯ ಬಳಿ ನಿಂತು ಹೇಳುತ್ತಿದ್ದರು. "ಆಟಗಾರ ಒಮ್ಮೆ ಸಹಿ ಹಾಕಿದರೆ ಮುಗಿಯಿತು. ಮಾಲೀಕ ಬಿಟ್ಟರಷ್ಟೇ ಬೇರೆ ತಂಡ. ಬಿಡದಿದ್ದರೆ ಇಲ್ಲೇ ಆಡಬೇಕು, ಇಲ್ಲವೇ ಮನೆಗೆ ಹೋಗಬೇಕು. ಎಪ್ಪತ್ತರ ದಶಕದವರೆಗೂ ನಮ್ಮ ಹುಡುಗರನ್ನು ಹೀಗೆ ಕಟ್ಟಿಹಾಕಿದ್ದರು. ಇದು ನಮ್ಮ ಆಟಕ್ಕೇ ನಾಚಿಕೆಗೇಡು." ಅವರ ಧ್ವನಿ ನಡುಗುತ್ತಿತ್ತು. ನನಗೆ ಮೈಯೆಲ್ಲ ಉರಿಯಿತು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ!

"ಎಲ್ಲಿ, ಒಮ್ಮೆ ಓದು," ಎಂದರು. ಬರೆದದ್ದನ್ನು ಓದಿ ಹೇಳುವುದು ಸ್ಟೆನೋ ಕೆಲಸ. ಒಂದೊಂದೇ ಶಬ್ದ ಬಿಡಿಸಿ ಓದಿದೆ. ನಾಚಿಕೆಗೇಡು ಎಂಬುದನ್ನು ಸ್ವಲ್ಪ ಗಟ್ಟಿಯಾಗಿಯೇ ಓದಿದೆ. ಕೊನೆಯ ವಾಕ್ಯ ಮುಗಿಸಿ, ತಲೆ ಎತ್ತದೆ, ಅದೇ ಧ್ವನಿಯಲ್ಲಿ ಮುಂದುವರಿಸಿದೆ: "ಸರ್, ನನ್ನ ರಿಲೀಸ್ ಲೆಟರಿಗೆ ನೀವು ಇನ್ನೂ ಸಹಿ ಹಾಕಿಲ್ಲ."

"ಅದನ್ನು ನಾನು ಹೇಳಲಿಲ್ಲವಲ್ಲ?" ಎಂದರು ಬಾಸ್. ಮರುಕ್ಷಣ ಅವರ ಕಿವಿಗಳು ಕೆಂಪಾದವು. ಕುರ್ಚಿಗೆ ಬಂದು ಕೂತು ಕನ್ನಡಕ ತೆಗೆದು ಒರೆಸಿದರು. ಕೆಲಸ ಹೋಯಿತು ಎಂದುಕೊಂಡೆ. "ಟೈಪ್ ಮಾಡಿ ತಾ," ಎಂದರು ಮೆಲ್ಲಗೆ. ತಪ್ಪೇ ಮಾಡದ ಸ್ಟೆನೋ ನಾನು, ಅಂದು ನಾಲ್ಕು ಸಾಲಿನ ಪತ್ರವನ್ನು ಮತ್ತೆ ಮತ್ತೆ ಹರಿದು ಟೈಪ್ ಮಾಡಿದೆ.

ಬಾಸ್ ಸಹಿ ಹಾಕಿದರು. ಮರುದಿನ ಬೆಳಿಗ್ಗೆ, ನನ್ನ ವೀಸಾ ಯಾರ ಹೆಸರಿನಲ್ಲಿತ್ತೋ ಆ ಕಫೀಲರ ಸಹಿಯೂ ಆಗಬೇಕಿತ್ತು. ಕಂಪನಿಯ ಒಡೆಯರಾದ ಆ ಒಮಾನಿ ಹಿರಿಯರು ಕಾಫಿ ಕುಡಿಯುತ್ತಾ ಪತ್ರದಲ್ಲಿದ್ದ ಕಾರಣ ನೋಡಿ, "ಬಚ್ಚಾ ಹೈ? ಖಲಾಸ್, ಜಾವ್," ಎಂದು ಗೀಚಿಕೊಟ್ಟರು. ಇಷ್ಟಕ್ಕೇ ನಾನು ತಿಂಗಳುಗಟ್ಟಲೆ ನಿದ್ದೆ ಕೆಟ್ಟಿದ್ದೆ.

ಟ್ಯಾಕ್ಸಿ ಹಿಡಿದು ಮನೆಗೆ ಓಡಿದೆ. ಅಕ್ಕ ಬಾಗಿಲು ತೆಗೆದರು, ಸೊಂಟದ ಮೇಲೆ ಮಗ.

"ಎಂತ ಮಾರಾಯ್ತಿ, ಈ ಹೊತ್ತಿಗೆ ಬಂದದ್ದು?"

"ರಿಲೀಸ್ ಸಿಕ್ಕಿತು ಅಕ್ಕ. ಮಗುವನ್ನು ಊರಿಗೆ ಕಳಿಸ್ಲಿಕ್ಕಿಲ್ಲ."

"ದೇವರು ದೊಡ್ಡವ," ಎಂದು ಅವರು ಹೊಸ್ತಿಲಲ್ಲೇ ಕೂತುಬಿಟ್ಟರು. ನಾನೂ ಚಪ್ಪಲಿ ಕಳಚದೆ ಪಕ್ಕದಲ್ಲಿ ಕೂತೆ. ಎದೆಯ ಮೇಲಿನ ಕಲ್ಲು ಇಳಿದಂತಾಗಿ ಅಳುವೂ ನಗುವೂ ಒಟ್ಟಿಗೆ ಬಂತು. ಮಗನಿಗೆ ಕೈ ಚಾಚಿದೆ. ಅವನು ಮುಖ ತಿರುಗಿಸಿ, ಅಕ್ಕನ ಕುತ್ತಿಗೆ ತಬ್ಬಿಕೊಂಡು, ಕಟ್ಟಡವೆಲ್ಲ ಕೇಳುವಂತೆ ಕಿರುಚಿದ.

ಅಕ್ಕನಿಗೆ ಸಂಕೋಚವಾಯಿತು. "ಅಮ್ಮ ಅಲ್ವಾ ಮಗಾ, ಹೋಗು," ಎಂದು ಅವನ ಬೆರಳು ಬಿಡಿಸತೊಡಗಿದರು.

"ಬಿಡಿ ಅಕ್ಕ, ಅಳಲಿ," ಎಂದೆ. "ನಾಳೆಯೂ ಇಲ್ಲೇ ಇರ್ತಾನಲ್ಲ."